ಡೀಸೆಲ್‌ಗೆ ಮದ್ಯಸಾರ: ತಪ್ಪು ತುದಿಯಿಂದ ಹೊರಟ ಯೋಜನೆ

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಸಕ್ಕರೆ ಉದ್ಯಮಿಗಳ ಸಮಾವೇಶದಲ್ಲಿ ಎರಡು ಸಂಗತಿ ಹೇಳಿದರು. ಡೀಸೆಲ್‌ಗೆ ಶೇ 10ರಷ್ಟು ಎಥೆನಾಲ್ ಬೆರೆಸುವ ಪ್ರಯತ್ನ ಕೈಗೂಡಲಿಲ್ಲ ಎಂಬುದು ಒಂದು. ಹಾಗಾಗಿ ಐಸೊಬ್ಯುಟನಾಲ್ ಎಂಬ ಬೇರೊಂದು ಮದ್ಯಸಾರವನ್ನು ಬೆರೆಸುವ ಸಾಧ್ಯತೆಯನ್ನು ಪರಿಶೀಲಿಸಲಾಗುತ್ತಿದೆ ಎಂಬುದು ಇನ್ನೊಂದು. ಮೊದಲನೆಯದೇ ದೊಡ್ಡ ಸುದ್ದಿಯಾಗಬೇಕಿತ್ತು. ಪ್ರಯತ್ನ ಏಕೆ ಕೈಗೂಡಲಿಲ್ಲ, ಎಲ್ಲಿ ಎಡವಿತು ಎಂದು ನಾವು ಕೇಳಬೇಕಿತ್ತು. ಅದನ್ನು ಬಿಟ್ಟು ಚರ್ಚೆ ನೇರವಾಗಿ ಐಸೊಬ್ಯುಟನಾಲ್‌ಗೆ ಹಾರಿತು. ಇದರ ಹಿಂದೆ ಆಳವಾಗಿ ಬೇರುಬಿಟ್ಟ ಒಂದು ನಂಬಿಕೆಯಿದೆ. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ 2030ರ ಗುರಿಯನ್ನು ದೇಶ ಐದು ವರ್ಷ ಮೊದಲೇ ಮುಟ್ಟಿದೆ. ಡೀಸೆಲ್ ಬಳಕೆ ಪೆಟ್ರೋಲ್‌ನ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಮುಂದಿನ ಹೆಜ್ಜೆ ಡೀಸೆಲ್. ಎಥೆನಾಲ್ ಒಗ್ಗದಿದ್ದರೆ ಮೆಥನಾಲ್, ಅದೂ ಒಗ್ಗದಿದ್ದರೆ ಬ್ಯುಟನಾಲ್, ಯಾವುದಾದರೊಂದು ಒಗ್ಗಿಯೇ ಒಗ್ಗುತ್ತದೆ. ಸಚಿವಾಲಯಗಳಿಂದ ಎಂಜಿನಿಯರಿಂಗ್ ಕಾಲೇಜುಗಳವರೆಗೆ ಹಬ್ಬಿರುವ ಈ ನಂಬಿಕೆ ತಪ್ಪು. ಡೀಸೆಲ್ ಎಂಜಿನ್ನಿಗೆ ಏನು ಬೇಕು ಎಂದು ಕೇಳಿಕೊಂಡು ಹೊರಟವರು ಯಾರೂ ಮದ್ಯಸಾರಕ್ಕೆ ಬಂದು ನಿಲ್ಲುವುದಿಲ್ಲ. ಡಿಸ್ಟಿಲರಿಯಲ್ಲಿ ಉಳಿದದ್ದನ್ನು ಎಲ್ಲಿಗೆ ಸಾಗಹಾಕುವುದು ಎಂದು ಕೇಳಿಕೊಂಡವರು ಮಾತ್ರ ಅಲ್ಲಿಗೆ ಬರುತ್ತಾರೆ. 2025–26ರ ಪೂರೈಕೆ ವರ್ಷಕ್ಕೆ ಡಿಸ್ಟಿಲರಿಗಳು ಸುಮಾರು 1,776 ಕೋಟಿ ಲೀಟರ್ ಎಥೆನಾಲ್ ಕೊಡಲು ಮುಂದೆ ಬಂದಿದ್ದವು. ತೈಲ ಕಂಪನಿಗಳು ಹಂಚಿಕೆ ಮಾಡಿದ್ದು ಸುಮಾರು 1,048 ಕೋಟಿ ಲೀಟರ್. ನಡುವಿನ 700 ಕೋಟಿ ಲೀಟರ್‌ಗೂ ಮಿಕ್ಕ ಎಥೆನಾಲ್‌ಗೆ ಗಿರಾಕಿ ಬೇಕಾಗಿದೆ. ಆ ಗಿರಾಕಿಯ ಜಾಗದಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳನ್ನು ತಂದು ನಿಲ್ಲಿಸಲಾಗುತ್ತಿದೆ.

ಪೆಟ್ರೋಲ್‌ನಲ್ಲಿ ಆದದ್ದು ಡೀಸೆಲ್‌ನಲ್ಲಿ ಏಕೆ ಆಗದು ಎಂಬುದಕ್ಕೆ ಕಾರಣ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚುವುದು ಸ್ಪಾರ್ಕ್ ಪ್ಲಗ್. ಕಿಡಿ ಬೀಳುವ ಮುಂಚೆ ಇಂಧನ ತಾನಾಗಿ ಹೊತ್ತಿಕೊಳ್ಳಬಾರದು. ಹೀಗೆ ತಡೆದು ನಿಲ್ಲುವ ಗುಣವನ್ನು ಅಳೆಯುವುದೇ ಆಕ್ಟೇನ್ ಸಂಖ್ಯೆ. ಎಥೆನಾಲ್‌ನ ಆಕ್ಟೇನ್ ಸಂಖ್ಯೆ 108ರ ಆಸುಪಾಸು, ಅಂದರೆ ಪೆಟ್ರೋಲ್‌ಗಿಂತಲೂ ಮೇಲು. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿ ಕಾಯಿಸಿ, ಕಾದ ಆ ಗಾಳಿಗೆ ಇಂಧನವನ್ನು ಚಿಮ್ಮಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳಬೇಕು. ಈ ಗುಣದ ಅಳತೆ ಸೀಟೇನ್ ಸಂಖ್ಯೆ. ಬಿಎಸ್–6 ಡೀಸೆಲ್‌ಗೆ ಅದು ಕನಿಷ್ಠ 51 ಇರಬೇಕೆಂದು ನಿಯಮವಿದೆ. ಎಥೆನಾಲ್‌ಗೆ ಅದು 10ರ ಹತ್ತಿರ, ಮೆಥನಾಲ್‌ಗೆ ಇನ್ನೂ ಕಡಿಮೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳುವುದು ಸುಮಾರು 210ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಥೆನಾಲ್‌ಗೆ 360ಕ್ಕೂ ಹೆಚ್ಚು ಬೇಕು. ಪೆಟ್ರೋಲ್ ಎಂಜಿನ್ನಿಗೆ ವರವಾದ ಗುಣವೇ ಡೀಸೆಲ್ ಎಂಜಿನ್ನಿಗೆ ಶಾಪ. ಹಾಗಾಗಿ ಪೆಟ್ರೋಲ್‌ನ ಗೆಲುವನ್ನು ತೋರಿಸಿ ಡೀಸೆಲ್‌ನಲ್ಲೂ ಗೆಲ್ಲುತ್ತೇವೆ ಎನ್ನುವವರು ತಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೇ ಮುಂದಿಡುತ್ತಿದ್ದಾರೆ.

ಇದರ ಜೊತೆಗೆ ಇನ್ನೂ ಎರಡು ತೊಡಕುಗಳಿವೆ. ದ್ರವರೂಪದ ಎಥೆನಾಲ್ ಆವಿಯಾಗಲು ಡೀಸೆಲ್‌ಗಿಂತ ಸುಮಾರು ಮೂರು ಪಟ್ಟು ಹೆಚ್ಚು ಶಾಖ ಹೀರುತ್ತದೆ. ಒತ್ತಿ ಕಾಯಿಸಿದ ಗಾಳಿಯಿಂದಲೇ ಆ ಶಾಖ ಹೋಗುವುದರಿಂದ, ಹೊತ್ತಿಕೊಳ್ಳಲು ಹೆಚ್ಚು ಬಿಸಿ ಬೇಕಾದ ಇಂಧನ ಇದ್ದ ಬಿಸಿಯನ್ನೂ ಕಸಿದುಕೊಂಡಂತಾಗುತ್ತದೆ. ಉರಿ ತಡವಾಗುತ್ತದೆ, ತಡವಾದಷ್ಟೂ ಸಿಲಿಂಡರಿನಲ್ಲಿ ಉರಿಯದ ಇಂಧನ ಕೂಡಿಕೊಂಡು, ಆಮೇಲೆ ಒಮ್ಮೆಲೇ ಹೊತ್ತಿ ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ಕಡಿಮೆ ಲೋಡಿನಲ್ಲಿ ಓಡುವಾಗ ಈ ಹೊಡೆತ ಹೆಚ್ಚು. ಎರಡನೆಯ ತೊಡಕು ಪಂಪಿನದು. ಡೀಸೆಲ್ ಎಂಜಿನ್ನಿನ ಹೈ ಪ್ರೆಷರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಿಡ್ಡು. ಇಂದಿನ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಆ ಪಂಪು 1,600ರಿಂದ 2,000 ಬಾರ್‌ವರೆಗಿನ ಒತ್ತಡದಲ್ಲಿ ಇಂಧನವನ್ನು ತಳ್ಳುತ್ತದೆ, ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಎಥೆನಾಲ್ ನೀರಿನಷ್ಟೇ ತೆಳು, ಅದಕ್ಕೆ ಜಿಡ್ಡಿನ ಗುಣವಿಲ್ಲ. ಪಂಪ್ ಸೀಜ್ ಆಯಿತು, ನಾಜಲ್ ಹೋಯಿತು ಎಂದು ಗ್ಯಾರೇಜಿನಲ್ಲಿ ಹೇಳಿಸಿಕೊಂಡ ಲಾರಿ ಮಾಲೀಕನಿಗೆ ಆ ಮಾತಿನ ಬೆಲೆ ಎಷ್ಟು ಸಾವಿರ ಎಂದು ಗೊತ್ತಿರುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ: ಎಥೆನಾಲ್ ಬೆರೆಸಿದ ಡೀಸೆಲ್‌ನಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು, ದಕ್ಷತೆ ತುಸು ಏರಿತು, ಹೊಗೆ ಇಳಿಯಿತು ಎಂದು ಹೇಳುವ ನೂರಾರು ಸಂಶೋಧನಾ ಪ್ರಬಂಧಗಳಿವೆಯಲ್ಲ? ಇವೆ, ಅವುಗಳಲ್ಲಿನ ಅಳತೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳೆದದ್ದು ಯಾವ ಎಂಜಿನ್ನಿನಲ್ಲಿ ಎಂಬುದನ್ನು ನೋಡಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಿಲಿಂಡರಿನ, 5.2 ಕಿಲೋವಾಟ್ ಶಕ್ತಿಯ ಕಿರ್ಲೋಸ್ಕರ್ ಎಂಜಿನ್. ಒತ್ತಡದ ಅನುಪಾತ 17.5, ವೇಗ ನಿಮಿಷಕ್ಕೆ 1,500 ಸುತ್ತು. ಇಂಧನ ಚಿಮ್ಮಿಸುವ ಒತ್ತಡ ಸುಮಾರು 200 ಬಾರ್. ಪಂಪ್‌ಸೆಟ್ಟಿನ ಕಾಲದ ಗಟ್ಟಿಮುಟ್ಟಾದ ಈ ಎಂಜಿನ್ ಕೊಟ್ಟದ್ದನ್ನೆಲ್ಲ ಉರಿಸುತ್ತದೆ, ಅದು ಅದರ ಹಿರಿಮೆ. ಸಮವೇಗದಲ್ಲಿ, ನಿಂತಲ್ಲೇ, ಕೆಲವು ಗಂಟೆ ಅದನ್ನು ಓಡಿಸಿ ಗ್ರಾಫ್ ಬರೆಯಬಹುದು. ಶಿರಾಡಿ ಘಾಟಿಯಲ್ಲಿ ಮೂವತ್ತು ಟನ್ ಹೊತ್ತು ಏರುವ, ಹತ್ತು ವರ್ಷ ಬಾಳಬೇಕಾದ ಲಾರಿಯ ಪಂಪಿನ ಒತ್ತಡ ಇದರ ಎಂಟು ಹತ್ತು ಪಟ್ಟು. ಐದಾರು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಅದರ ರಬ್ಬರ್ ಸೀಲು, ಇಂಜೆಕ್ಟರುಗಳು ಏನಾಗುತ್ತವೆ ಎಂಬ ಪ್ರಶ್ನೆಗೆ ಆ ಪ್ರಬಂಧಗಳಲ್ಲಿ ಉತ್ತರವಿಲ್ಲ. ಅವು ಕೇಳಿಕೊಂಡ ಪ್ರಶ್ನೆಯೂ ಅದಲ್ಲ. ಪ್ರಯೋಗಾಲಯದ ಉತ್ತರವನ್ನು ಹೆದ್ದಾರಿಯ ನೀತಿಯಾಗಿ ಬಳಸಿದ್ದು ನೀತಿ ಮಾಡುವವರ ತಪ್ಪು.

ಈ ಚರ್ಚೆಯಲ್ಲಿ ಹೆಚ್ಚು ಕಡೆಗಣಿಸಲ್ಪಟ್ಟ ವಿಷಯ ಬೆಂಕಿಯ ಅಪಾಯ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು. ಯಾವ ಉಷ್ಣತೆಯಲ್ಲಿ ಇಂಧನದ ಮೇಲಿನ ಆವಿ ಕಿಡಿ ತಾಗಿದರೆ ಭಗ್ಗೆನ್ನುತ್ತದೋ ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಡೀಸೆಲ್‌ಗೆ ಅದು ಕನಿಷ್ಠ 35 ಡಿಗ್ರಿ ಇರಬೇಕೆಂದು ನಮ್ಮ ಮಾನಕ ಹೇಳುತ್ತದೆ. ಬಂಕಿನಲ್ಲಿ ಸಿಗುವ ಡೀಸೆಲ್‌ನದು ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. ಎಥೆನಾಲ್‌ನದು 13 ಡಿಗ್ರಿಯ ಆಸುಪಾಸು. ಇವೆರಡನ್ನು ಬೆರೆಸಿದರೆ ಸರಾಸರಿ ಬರುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಹಾಗಾಗುವುದಿಲ್ಲ. ಮೊದಲು ಆವಿಯಾಗುವುದು ಎಥೆನಾಲ್ ಆದ್ದರಿಂದ ಶೇ 10 ಬೆರೆಸಿದರೂ ಮಿಶ್ರಣದ ಫ್ಲ್ಯಾಶ್ ಪಾಯಿಂಟ್ ಹೆಚ್ಚು ಕಡಿಮೆ ಎಥೆನಾಲ್‌ನದೇ ಆಗಿಬಿಡುತ್ತದೆ. ಇನ್ನೂ ಗಂಭೀರವಾದದ್ದು ಟ್ಯಾಂಕಿನ ಒಳಗಿನ ಸ್ಥಿತಿ. ಡೀಸೆಲ್ ಟ್ಯಾಂಕಿನ ಖಾಲಿ ಜಾಗದಲ್ಲಿ ಆವಿ ತೀರಾ ಕಡಿಮೆ, ಕಿಡಿ ಬಿದ್ದರೂ ಹತ್ತುವುದಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ಆವಿ ತೀರಾ ದಟ್ಟ, ಉರಿಯಲು ಗಾಳಿ ಸಾಲದು. ಎಥೆನಾಲ್‌ನ ಆವಿ ಸುಮಾರು 13ರಿಂದ 40 ಡಿಗ್ರಿಯವರೆಗೆ, ಅಂದರೆ ಕರ್ನಾಟಕದಲ್ಲಿ ವರ್ಷದ ಬಹುಪಾಲು ದಿನಗಳಲ್ಲಿ, ಹೊತ್ತಿಕೊಳ್ಳಲು ಹೇಳಿ ಮಾಡಿಸಿದ ಪ್ರಮಾಣದಲ್ಲಿ ಇರುತ್ತದೆ. ಎರಡು ಸುರಕ್ಷಿತ ಸ್ಥಿತಿಗಳ ನಡುವಿನ ಅಪಾಯದ ಜಾಗಕ್ಕೆ ನಾವು ಡೀಸೆಲ್ ಟ್ಯಾಂಕನ್ನು ತಂದು ನಿಲ್ಲಿಸುತ್ತೇವೆ.

ಕಾನೂನು ಇದನ್ನು ಹೇಗೆ ನೋಡುತ್ತದೆ ಎಂಬುದೂ ಮುಖ್ಯ. ಪೆಟ್ರೋಲಿಯಂ ನಿಯಮಗಳ ಪ್ರಕಾರ ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆಯಿದ್ದರೆ ‘ಎ’ ವರ್ಗ, 23ರಿಂದ 65ರೊಳಗಿದ್ದರೆ ‘ಬಿ’ ವರ್ಗ. ಡೀಸೆಲ್ ‘ಬಿ’ ವರ್ಗಕ್ಕೆ ಸೇರುವುದರಿಂದಲೇ ರೈತ ಡ್ರಮ್ಮಿನಲ್ಲಿ ತಂದು ಕೊಟ್ಟಿಗೆಯಲ್ಲಿಡಬಹುದು, ಆಸ್ಪತ್ರೆ ಮತ್ತು ಅಪಾರ್ಟ್‌ಮೆಂಟುಗಳು ಜನರೇಟರಿಗೆಂದು ನೆಲಮಾಳಿಗೆಯಲ್ಲಿ ಕೂಡಿಡಬಹುದು. ಈ ವರ್ಗದ ಇಂಧನವನ್ನು 2,500 ಲೀಟರ್‌ವರೆಗೆ, ಒಂದೊಂದು ಪಾತ್ರೆಯಲ್ಲಿ 1,000 ಲೀಟರ್ ಮೀರದಂತೆ, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ಕಾಯ್ದೆ ಬಿಟ್ಟಿದೆ. ‘ಎ’ ವರ್ಗಕ್ಕೆ, ಮಾರಾಟಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳುವುದಾದರೆ, ಆ ಮಿತಿ 30 ಲೀಟರ್. ಎಥೆನಾಲ್ ಬೆರೆತ ಡೀಸೆಲ್ ಬಂಕಿಗೆ ಬಂದ ದಿನ ಹಳ್ಳಿ ಹಳ್ಳಿಯ ಡ್ರಮ್ಮುಗಳು ಕಾನೂನುಬಾಹಿರವಾಗುತ್ತವೆ, ಅಥವಾ ಸರ್ಕಾರ ನಿಯಮವನ್ನೇ ಸಡಿಲಿಸಬೇಕಾಗುತ್ತದೆ. ನಿಯಮ ಸಡಿಲವಾದ ಮಾತ್ರಕ್ಕೆ ಆವಿಯ ಗುಣ ಬದಲಾಗುವುದಿಲ್ಲ. ಬೀಡಿ ಹಚ್ಚಿಕೊಂಡೇ ಟ್ರ್ಯಾಕ್ಟರಿಗೆ ಡೀಸೆಲ್ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಡೀಸೆಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದು ಎಂಬ ತಲೆಮಾರುಗಳ ತಿಳಿವಳಿಕೆ ಅದರ ಹಿಂದಿದೆ. ಅದೇ ಬಣ್ಣದ, ಅದೇ ಹೆಸರಿನ ದ್ರವದ ಸ್ವಭಾವ ಮಾತ್ರ ರಾತ್ರೋರಾತ್ರಿ ಬದಲಾದರೆ ಅದರ ಬೆಲೆ ತೆರುವವರು ಯಾರು?

ನೀರಿನ ತೊಂದರೆಯನ್ನು ಬೇಗ ಹೇಳಿ ಮುಗಿಸಬಹುದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತುಸು ನೀರು ಸೇರಿದರೂ, ಚಳಿ ಹೆಚ್ಚಿದರೂ ಡೀಸೆಲ್‌ನಿಂದ ಬೇರ್ಪಟ್ಟು ಟ್ಯಾಂಕಿನಲ್ಲಿ ಬೇರೆಯೇ ಪದರವಾಗುತ್ತದೆ. ಆಗ ಎಂಜಿನ್ನಿಗೆ ಹೋಗುವುದು ಹದವಾದ ಮಿಶ್ರಣವಲ್ಲ, ಒಮ್ಮೆ ಬರೀ ಡೀಸೆಲ್, ಒಮ್ಮೆ ನೀರು ಬೆರೆತ ಮದ್ಯಸಾರ. ಬೇರ್ಪಡದಂತೆ ತಡೆಯಲು ಒಂದು ರಾಸಾಯನಿಕ, ಬೇಗ ಹೊತ್ತಿಕೊಳ್ಳಲು ಇನ್ನೊಂದು, ಜಿಡ್ಡಿಗೆ ಮತ್ತೊಂದು, ತುಕ್ಕಿಗೆ ಮಗದೊಂದು ಸೇರಿಸಬಹುದು, ಸೇರಿಸಿದ್ದಾರೆ ಕೂಡ. ಪ್ರತಿಯೊಂದಕ್ಕೂ ದುಡ್ಡು ಬೇಕು. ಕರ್ನಾಟಕ ಈ ದಾರಿಯನ್ನು ಬಹಳ ಹಿಂದೆಯೇ ತುಳಿದು ನೋಡಿದೆ. 2000ದ ದಶಕದಲ್ಲಿ ಕೆಎಸ್‌ಆರ್‌ಟಿಸಿ ಶೇ 7.7ರಷ್ಟು ಎಥೆನಾಲ್ ಮತ್ತು ಬೆಸೆಯುವ ರಾಸಾಯನಿಕ ಸೇರಿದ ಡೀಸೆಲ್‌ನಲ್ಲಿ ಬಸ್ಸುಗಳನ್ನು ಓಡಿಸಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಶೇ 15 ಮೆಥನಾಲ್ ಬೆರೆತ ಡೀಸೆಲ್‌ನ ಪ್ರಯೋಗಕ್ಕೆ ಬಿಎಂಟಿಸಿಯ 20 ಬಸ್ಸುಗಳನ್ನು ಆರಿಸಿ ಚಾಲನೆ ಕೊಡಲಾಯಿತು. ಮೊದಲನೆಯದು ಸಾರಿಗೆ ನಿಗಮದ ನಿತ್ಯದ ಇಂಧನವಾಗಿ ಉಳಿಯಲಿಲ್ಲ. ಎರಡನೆಯದಾದ ಮೇಲೆ ಬಿಎಂಟಿಸಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳನ್ನು ರಸ್ತೆಗಿಳಿಸಿತು. ಯಾವುದು ಬೆಳೆಯಿತು, ಯಾವುದು ಪ್ರಯೋಗವಾಗಿಯೇ ಉಳಿಯಿತು ಎಂಬುದು ಕಣ್ಣೆದುರಿಗಿದೆ. ಮೆಥನಾಲ್‌ನ ವಿಷಯದಲ್ಲಿ ಸ್ವಾವಲಂಬನೆಯ ವಾದವೂ ನಿಲ್ಲುವುದಿಲ್ಲ: ದೇಶ ಬಳಸುವ ಮೆಥನಾಲ್‌ನ ಬಹುಪಾಲು ಹೊರದೇಶದಿಂದ ಬರುತ್ತದೆ.

ಮದ್ಯಸಾರದ ಪರ ವಾದಿಸುವವರ ಅತ್ಯಂತ ಬಲವಾದ ಸಾಕ್ಷಿ ಸ್ವೀಡನ್. ಸ್ಕ್ಯಾನಿಯಾ ಕಂಪನಿಯ ಎಥೆನಾಲ್ ಬಸ್ಸುಗಳು ಸ್ಟಾಕ್‌ಹೋಮ್‌ನಲ್ಲಿ ದಶಕಗಳ ಕಾಲ ಓಡಿವೆ. ಅವು ಡೀಸೆಲ್ ಮಾದರಿಯ ಎಂಜಿನ್ನುಗಳೇ, ಸ್ಪಾರ್ಕ್ ಪ್ಲಗ್ ಇಲ್ಲ. ಇದು ನಿಜ, ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಅದು ಹೇಗೆ ಸಾಧ್ಯವಾಯಿತು? ಸ್ಕ್ಯಾನಿಯಾ ಆ ಎಂಜಿನ್ನಿನ ಒತ್ತಡದ ಅನುಪಾತವನ್ನು 28ಕ್ಕೆ ಏರಿಸಿತು, ಇಂಧನ ವ್ಯವಸ್ಥೆಯನ್ನೇ ಬದಲಿಸಿತು, ಶೇ 95 ಎಥೆನಾಲ್‌ಗೆ ಶೇ 5ರಷ್ಟು ಉರಿ ಹಚ್ಚುವ ರಾಸಾಯನಿಕ ಸೇರಿಸಲಾಯಿತು, ಆ ಬಸ್ಸುಗಳಿಗೆಂದೇ ಪ್ರತ್ಯೇಕ ಪಂಪು ಇಡಲಾಯಿತು. ಎಥೆನಾಲ್‌ಗೆ ತಕ್ಕ ಎಂಜಿನ್ ಕಟ್ಟಿ ಗೆದ್ದರು. ಇರುವ ಲಾರಿಗಳ ಟ್ಯಾಂಕಿಗೆ ಮದ್ಯಸಾರ ಬೆರೆಸಿ ಗೆಲ್ಲುತ್ತೇವೆಂಬ ನಮ್ಮ ಯೋಜನೆಗೆ ಇದು ಆಧಾರವಾಗದು. ಆ ಬಸ್ಸು ಭಾರತಕ್ಕೂ ಬಂತು. 2014ರಲ್ಲಿ ನಾಗಪುರದಲ್ಲಿ ಪ್ರಯೋಗ ಆರಂಭವಾಯಿತು, ಆಮೇಲೆ ನಗರ ಸಾರಿಗೆಗೆ ಸೇರಿತು. ಸ್ಕ್ಯಾನಿಯಾ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಬಸ್ ಕಾರ್ಖಾನೆಯನ್ನೂ ತೆರೆದಿತ್ತು. 2018ರಲ್ಲಿ ನಾಗಪುರದ ಎಥೆನಾಲ್ ಬಸ್ಸುಗಳು ನಿಂತವು, ಅದೇ ವರ್ಷ ನರಸಾಪುರದ ಬಸ್ ಕಾರ್ಖಾನೆಯೂ ಮುಚ್ಚಿತು. ಅದರ ಹಿಂದೆ ಹಣ ಪಾವತಿಯ ತಕರಾರು, ತೆರಿಗೆ, ಮಾರುಕಟ್ಟೆ ಹೀಗೆ ಹಲವು ಕಾರಣಗಳಿದ್ದವು. ಎಲ್ಲವನ್ನೂ ಇಂಧನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರತ್ಯೇಕ ಎಂಜಿನ್, ಪ್ರತ್ಯೇಕ ಇಂಧನ, ಪ್ರತ್ಯೇಕ ಪಂಪು ಬೇಡುವ ವ್ಯವಸ್ಥೆಯೊಂದು ನಮ್ಮಲ್ಲಿ ಒಂದೇ ಊರಿನಲ್ಲೂ ನೆಲೆಯೂರಲಿಲ್ಲ ಎಂಬುದಂತೂ ಉಳಿಯುತ್ತದೆ. ಮೆಥನಾಲ್‌ನಲ್ಲಿ ಓಡುವ ಹಡಗುಗಳ ಉದಾಹರಣೆಗೂ ಇದೇ ಉತ್ತರ. 2015ರಲ್ಲಿ ಮೆಥನಾಲ್‌ಗೆ ಬದಲಾದ ‘ಸ್ಟೆನಾ ಜರ್ಮನಿಕಾ’ ಹಡಗಿನಲ್ಲಿ ಉರಿ ಹಚ್ಚಲು ಡೀಸೆಲ್ಲೇ ಬೇಕು, ಪೈಪುಗಳಿಗೆ ಎರಡು ಪದರದ ಗೋಡೆ, ನೋಡಿಕೊಳ್ಳಲು ತರಬೇತಾದ ಸಿಬ್ಬಂದಿ. ಆ ಶಿಸ್ತನ್ನು ಹೆದ್ದಾರಿ ಪಕ್ಕದ ಬಂಕಿನಲ್ಲಿ ನಿರೀಕ್ಷಿಸಲಾಗದು.

ಈಗ ಐಸೊಬ್ಯುಟನಾಲ್‌ಗೆ ಬರೋಣ. ಎಥೆನಾಲ್‌ಗೆ ಹೋಲಿಸಿದರೆ ಇದು ಮೇಲು ಎಂಬುದನ್ನು ಒಪ್ಪಬೇಕು. ಡೀಸೆಲ್ ಜೊತೆ ಚೆನ್ನಾಗಿ ಬೆರೆಯುತ್ತದೆ, ನೀರನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಲೀಟರಿಗೆ ಡೀಸೆಲ್‌ನ ಮುಕ್ಕಾಲು ಪಾಲು ಶಕ್ತಿ ಕೊಡುತ್ತದೆ. ಆದರೆ ಅದರ ಫ್ಲ್ಯಾಶ್ ಪಾಯಿಂಟ್ 28 ಡಿಗ್ರಿ, ಡೀಸೆಲ್‌ನ 35ರ ಮಾನಕಕ್ಕಿಂತ ಕೆಳಗೆ. ಸೀಟೇನ್ ಸಂಖ್ಯೆ ಹದಿನೈದರೊಳಗೇ. ಎಥೆನಾಲ್‌ನ ಮೂಲ ದೋಷಗಳೆರಡೂ ಇಲ್ಲಿ ತುಸು ಕಡಿಮೆಯಾಗಿವೆ, ಹೋಗಿಲ್ಲ. ಒಂದು ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 510 ಗ್ರಾಂ ಎಥೆನಾಲ್ ಪಡೆಯಬಹುದಾದರೆ ಐಸೊಬ್ಯುಟನಾಲ್ 410 ಗ್ರಾಂ ಮಾತ್ರ. ಅಂದರೆ ಅದೇ ಕಬ್ಬಿನಿಂದ ಬರುವ ಒಟ್ಟು ಶಕ್ತಿ ಹೆಚ್ಚು ಕಡಿಮೆ ಅಷ್ಟೇ, ಮೇಲಿನ ಖರ್ಚು ಮಾತ್ರ ಹೆಚ್ಚು. ಕಾರಣ, ಐಸೊಬ್ಯುಟನಾಲ್ ಅದನ್ನು ತಯಾರಿಸುವ ಯೀಸ್ಟ್‌ಗೇ ವಿಷ. ಹುದುಗುವ ತೊಟ್ಟಿಯಲ್ಲಿ ಎಥೆನಾಲ್‌ನಷ್ಟು ಗಟ್ಟಿಯಾಗಿ ಕೂಡಿಕೊಳ್ಳಲು ಬಿಡುವಂತಿಲ್ಲ, ಆಗಾಗ ತೆಗೆಯುತ್ತಲೇ ಇರಬೇಕು. ಅಮೆರಿಕದ ಮಿನ್ನೆಸೋಟ ರಾಜ್ಯದ ಲುವರ್ನ್‌ನಲ್ಲಿ ಗೆವೊ ಕಂಪನಿ 2012ರಲ್ಲಿ ತನ್ನ ಎಥೆನಾಲ್ ಘಟಕವನ್ನು ಐಸೊಬ್ಯುಟನಾಲ್‌ಗೆ ಬದಲಿಸಿ, ಅದೇ ವರ್ಷ ತೊಂದರೆಗಳಿಗೆ ಸಿಕ್ಕಿ ಎಥೆನಾಲ್‌ಗೆ ಮರಳಿತು. ಆ ಅನುಭವ ಓದಿಕೊಳ್ಳದೆ ನಮ್ಮ ಡಿಸ್ಟಿಲರಿಗಳಿಗೆ ಮತ್ತೊಂದು ಸುತ್ತಿನ ಸಾಲ ಕೊಟ್ಟು ಯಂತ್ರ ಹಾಕಿಸುವುದು ಎಂದರೆ ಇಂದಿನ ಹೆಚ್ಚುವರಿ ಸಾಮರ್ಥ್ಯವನ್ನು ನಾಳೆಯ ಸಾಲವಾಗಿ ಬದಲಿಸುವುದು.

ಇನ್ನು ದುಡ್ಡಿನ ಲೆಕ್ಕ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿಯಿದ್ದರೆ ಎಥೆನಾಲ್‌ನಲ್ಲಿ 21. ಒಂದು ಲೀಟರ್ ಡೀಸೆಲ್‌ನ ಕೆಲಸಕ್ಕೆ 1.7 ಲೀಟರ್ ಎಥೆನಾಲ್ ಬೇಕು. 2024–25ರಲ್ಲಿ ಮೆಕ್ಕೆಜೋಳದ ಎಥೆನಾಲ್‌ಗೆ ಸರ್ಕಾರಿ ದರ ಲೀಟರಿಗೆ 71.86 ರೂಪಾಯಿ, ಕಬ್ಬಿನ ಹಾಲಿನದಕ್ಕೆ 65.61, ಸಿ–ಹೆವಿ ಕಾಕಂಬಿಯದಕ್ಕೆ 57.97. ಡೀಸೆಲ್‌ಗೆ ಸಮನಾದ ಶಕ್ತಿಗೆ ಲೆಕ್ಕ ಹಾಕಿದರೆ ಇವು ಕ್ರಮವಾಗಿ ಸುಮಾರು 122, 111 ಮತ್ತು 98 ರೂಪಾಯಿ ಆಗುತ್ತವೆ. ಇದು ಡಿಸ್ಟಿಲರಿ ಗೇಟಿನ ದರ. ಸಾಗಣೆ, ತೆರಿಗೆ, ಬಂಕಿನ ಕಮಿಷನ್ ಯಾವುದೂ ಸೇರಿಲ್ಲ. ಎಲ್ಲ ತೆರಿಗೆ ಸೇರಿಸಿಕೊಂಡ ಡೀಸೆಲ್ ಬೆಂಗಳೂರಿನ ಬಂಕಿನಲ್ಲಿ ಆಗ ಸಿಗುತ್ತಿದ್ದದ್ದು 90 ರೂಪಾಯಿ ಆಸುಪಾಸಿನಲ್ಲಿ. ತೆರಿಗೆಯಿಲ್ಲದ ಎಥೆನಾಲ್ ತೆರಿಗೆ ಸಹಿತವಾದ ಡೀಸೆಲ್‌ಗಿಂತ ದುಬಾರಿ ಎಂಬ ಈ ಒಂದು ವಾಕ್ಯವನ್ನು ಯಾವ ಯೋಜನಾ ವರದಿಯೂ ಮೊದಲ ಪುಟದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ಶೇ 10 ಬೆರೆಸಿದರೆ ಮೈಲೇಜು ಸುಮಾರು ಶೇ 4 ಇಳಿಯುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಲಾರಿ ತಿಂಗಳಿಗೆ ಹತ್ತು ಸಾವಿರ ಕಿಲೋಮೀಟರ್ ಓಡಿದರೆ 2,500 ಲೀಟರ್ ಬೇಕಿದ್ದ ಕಡೆ ಇನ್ನೂ ನೂರು ಲೀಟರ್ ಬೇಕು, ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ. ಒಂದೇ ಲಾರಿಯ ಕಂತು ಕಟ್ಟುತ್ತಿರುವ ಮಾಲೀಕನಿಗೆ ಇದು ಸಣ್ಣ ಮೊತ್ತವಲ್ಲ. ಅವನು ಅದನ್ನು ಬಾಡಿಗೆಗೆ ಸೇರಿಸಿದರೆ ತರಕಾರಿಯಿಂದ ಸಿಮೆಂಟಿನವರೆಗೆ ಎಲ್ಲದರ ಬೆಲೆಗೂ ಬಂದು ಕೂಡುತ್ತದೆ.

ಆಮದು ತಗ್ಗುತ್ತದಲ್ಲ, ಅದಕ್ಕಾಗಿ ಇಷ್ಟು ಹೊರೆ ಹೊರಬಾರದೇ ಎಂದು ಕೇಳುವವರಿದ್ದಾರೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುವಾಗ ಈ ಪ್ರಶ್ನೆ ಪ್ರಾಮಾಣಿಕವಾದದ್ದೇ. ಉತ್ತರಕ್ಕೆ ಲೆಕ್ಕ ಹಾಕಿ ನೋಡೋಣ. ದೇಶದ ವಾರ್ಷಿಕ ಡೀಸೆಲ್ ಬಳಕೆ ಸುಮಾರು 9 ಕೋಟಿ ಟನ್, ಅಂದರೆ 10,800 ಕೋಟಿ ಲೀಟರ್. ಶೇ 10 ಎಂದರೆ 1,080 ಕೋಟಿ ಲೀಟರ್ ಎಥೆನಾಲ್, ಇವತ್ತು ಪೆಟ್ರೋಲ್‌ಗೆ ಕೊಡುತ್ತಿರುವಷ್ಟೇ ಇನ್ನೊಂದು ಪಾಲು. ಶಕ್ತಿ ಕಡಿಮೆಯಿರುವುದರಿಂದ ಅದು ಉಳಿಸುವುದು ಡೀಸೆಲ್‌ನ ಶೇ 10 ಅಲ್ಲ, ಶೇ 6 ಮಾತ್ರ. ಆ 1,080 ಕೋಟಿ ಲೀಟರನ್ನು ಮೆಕ್ಕೆಜೋಳದಿಂದ ತೆಗೆದರೆ ಸುಮಾರು 2.8 ಕೋಟಿ ಟನ್ ಬೇಕು. ದೇಶದ ಒಟ್ಟು ಬೆಳೆಯೇ ನಾಲ್ಕು ಕೋಟಿ ಟನ್ ಚಿಲ್ಲರೆ. ಮೆಕ್ಕೆಜೋಳ ಪೆಟ್ರೋಲ್‌ನ ಎಥೆನಾಲ್‌ಗೆ ಹೋಗತೊಡಗಿದ್ದರಿಂದಲೇ ಅದನ್ನು ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದು ಮಾಡಿಕೊಳ್ಳಬೇಕಾಯಿತು, ಕೋಳಿ ಸಾಕುವವರು ಮೇವಿನ ಬೆಲೆಗೆ ತತ್ತರಿಸಿದರು. ಕಬ್ಬಿನ ಹಾಲಿನಿಂದ ತೆಗೆಯುವುದಾದರೆ ಒಂದು ಟನ್ನಿಗೆ 70 ಲೀಟರ್‌ನಂತೆ 15 ಕೋಟಿ ಟನ್‌ಗೂ ಹೆಚ್ಚು ಕಬ್ಬು ಬೇಕು, ಅಂದರೆ ದೇಶದ ಬೆಳೆಯಲ್ಲಿ ಮೂರನೆಯ ಒಂದು ಪಾಲು. 2021ರಲ್ಲಿ ಎಥೆನಾಲ್ ಬೆರಕೆಯ ನಕ್ಷೆ ಹಾಕಿಕೊಟ್ಟ ನೀತಿ ಆಯೋಗದ ವರದಿಯೇ ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕೆಂದು ಹೇಳಿದೆ. ಈ ದರದಲ್ಲಿ 1,080 ಕೋಟಿ ಲೀಟರಿಗೆ ಬೇಕಾಗುವ ನೀರು ಸುಮಾರು 1,090 ಟಿಎಂಸಿ. ಕೆಆರ್‌ಎಸ್ ಅಣೆಕಟ್ಟೆ ತುಂಬಿದರೆ ಹಿಡಿಯುವುದು 49 ಟಿಎಂಸಿ. ಇದು ಅಂಥ 22 ಅಣೆಕಟ್ಟೆಗಳ ನೀರು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಾವೇರಿಯಲ್ಲಿ ಕರ್ನಾಟಕದ ಇಡೀ ಪಾಲು 284.75 ಟಿಎಂಸಿ. ಕಬ್ಬಿಗೆ ಸಿಗುವ ನೀರಿನಲ್ಲಿ ಮಳೆಯದೂ ಒಂದು ಪಾಲಿದೆ, ಆದ್ದರಿಂದ ಇಷ್ಟೂ ನೀರು ಕಾಲುವೆ, ಬೋರ್‌ವೆಲ್‌ನಿಂದಲೇ ಬರಬೇಕಿಲ್ಲ. ಅರ್ಧ ಬಿಟ್ಟು ಲೆಕ್ಕ ಹಾಕಿದರೂ ಹನ್ನೊಂದು ಕೆಆರ್‌ಎಸ್ ಉಳಿಯುತ್ತವೆ. ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ ಎಂಬುದನ್ನು 2023ರಲ್ಲಿ ಕಂಡಿದ್ದೇವೆ: ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಡಿಸೆಂಬರ್‌ನಲ್ಲಿ ಕೇಂದ್ರವೇ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯಬೇಡಿ ಎಂದು ಆದೇಶಿಸಿ, ಆಮೇಲೆ ಮಿತಿ ಹಾಕಿ ಸಡಿಲಿಸಿತು. ಕೊಲ್ಲಿ ದೇಶಗಳ ಮರ್ಜಿಯಿಂದ ಮುಂಗಾರಿನ ಮರ್ಜಿಗೆ ಲಾರಿಗಳನ್ನು ಕಟ್ಟಿಹಾಕುವುದನ್ನು ಸ್ವಾವಲಂಬನೆ ಎನ್ನಲಾಗದು.

ಕಬ್ಬು ಬೆಳೆಗಾರನ ಹೆಸರು ಹೇಳಿದ ಕೂಡಲೇ ಈ ಚರ್ಚೆಯಲ್ಲಿ ಎಲ್ಲರೂ ಮೌನವಾಗುತ್ತಾರೆ. ಅವನ ಹಿತದ ಮಾತು ನನಗೂ ಮುಖ್ಯ, ಅದಕ್ಕಾಗಿಯೇ ಕೇಳಬೇಕು: ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆತ ಮೇಲೆ ಅವನಿಗೆ ಏನು ಸಿಕ್ಕಿತು? ಆ ಗುರಿ ಮುಟ್ಟಿದ ವರ್ಷವೇ, 2025ರ ನವೆಂಬರ್‌ನಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲಿರುಳು ರಸ್ತೆಯಲ್ಲಿ ಕೂತರು, 3,300ಕ್ಕೆ ಒಪ್ಪಂದವಾಯಿತು. ಎಥೆನಾಲ್‌ನ ಹಣ ತಾನಾಗಿ ಹೊಲಕ್ಕೆ ಹರಿದುಬರುವುದಾಗಿದ್ದರೆ ಆ ಧರಣಿ ಬೇಕಿರಲಿಲ್ಲ. ಕಬ್ಬಿನ ಕನಿಷ್ಠ ದರ 2022–23ರ ಕ್ವಿಂಟಲ್‌ಗೆ 305 ರೂಪಾಯಿಯಿಂದ 2025–26ರಲ್ಲಿ 355ಕ್ಕೆ ಏರಿದರೂ ಕಬ್ಬಿನ ಹಾಲಿನ ಎಥೆನಾಲ್ ದರ 65.61ರಲ್ಲೇ ನಿಂತಿದೆ, ಆ ಕಾರಣ ಹೇಳಿ ಕಾರ್ಖಾನೆಗಳು ರೈತನಿಗೆ ಕೊಡಲಾಗದು ಎನ್ನುತ್ತವೆ. ಡೀಸೆಲ್‌ಗೆ ಬೆರೆಸಿದರೂ ದರ ನಿಗದಿ ಮಾಡುವುದು ಅದೇ ಸರ್ಕಾರ, ಹಂಚಿಕೆ ಮಾಡುವುದು ಅದೇ ತೈಲ ಕಂಪನಿಗಳು. ಇತ್ತ ಅದೇ ರೈತ ಟ್ರ್ಯಾಕ್ಟರಿಗೆ, ಕಬ್ಬು ಕಟಾವಿನ ಯಂತ್ರಕ್ಕೆ, ಕಬ್ಬು ಸಾಗಿಸುವ ಲಾರಿಗೆ ಡೀಸೆಲ್ ಕೊಳ್ಳುವವನು. ಎಂಜಿನ್ ಕೆಟ್ಟರೆ ರಿಪೇರಿಯ ದುಡ್ಡು ಹೋಗುವುದು ಅವನ ಜೇಬಿನಿಂದ. ಅವನಿಗೆ ಬೇಕಾದದ್ದು ತೂಕದಲ್ಲಿ, ಇಳುವರಿ ಲೆಕ್ಕದಲ್ಲಿ, ಪಾವತಿಯಲ್ಲಿ ನ್ಯಾಯ.

ಮಸಿ ಕಡಿಮೆಯಾಗುತ್ತದೆ ಎಂಬ ವಾದ ಒಂದು ಮಟ್ಟಿಗೆ ಸರಿ. ಎಥೆನಾಲ್‌ನ ತೂಕದಲ್ಲಿ ಶೇ 35 ಆಮ್ಲಜನಕವೇ ಇರುವುದರಿಂದ ಕಪ್ಪು ಹೊಗೆ ಇಳಿಯುತ್ತದೆ. ಆದರೆ 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್–6 ಲಾರಿ, ಬಸ್ಸುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಆಗಲೇ ಇದೆ. ಹಳೆಯ ಗಾಡಿಗಳಲ್ಲಿ ಲಾಭ ಕಾಣಬಹುದು, ಅವುಗಳ ರಬ್ಬರು, ಪಂಪುಗಳೇ ಮದ್ಯಸಾರಕ್ಕೆ ಮೊದಲು ಬಲಿಯಾಗುವಂಥವು. ಡೀಸೆಲ್ ಎಂಜಿನ್ನಿಗೆ ಸಸ್ಯಮೂಲದ ಇಂಧನ ಬೇಕೆಂದರೆ ಅದರ ಸ್ವಭಾವಕ್ಕೆ ಒಗ್ಗುವುದು ಎಣ್ಣೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿ ತೋರಿಸಿದರು. ಮದ್ಯಸಾರಕ್ಕೆ ಇಲ್ಲೊಂದು ಗೌರವದ ಜಾಗವಿದೆ: ನೂರು ಕಿಲೋ ಎಣ್ಣೆಗೆ ಸುಮಾರು ಹತ್ತು ಕಿಲೋ ಮೆಥನಾಲ್ ಸೇರಿ ರಾಸಾಯನಿಕವಾಗಿ ಬೆಸೆದರೆ ಬಯೋಡೀಸೆಲ್ ಆಗುತ್ತದೆ. ಅದರ ಸೀಟೇನ್ ಡೀಸೆಲ್‌ಗೆ ಸರಿಸಾಟಿ, ಫ್ಲ್ಯಾಶ್ ಪಾಯಿಂಟ್ ನೂರು ಡಿಗ್ರಿಗೂ ಮೇಲೆ. ಎಥೆನಾಲ್‌ನ ತವರೆನಿಸಿದ ಬ್ರೆಜಿಲ್ ಪೆಟ್ರೋಲ್‌ಗೆ ಶೇ 30 ಎಥೆನಾಲ್ ಬೆರೆಸುತ್ತದೆ, ಡೀಸೆಲ್‌ಗೆ 2025ರ ಆಗಸ್ಟ್‌ನಿಂದ ಕಡ್ಡಾಯವಾಗಿ ಬೆರೆಸುತ್ತಿರುವುದು ಶೇ 15 ಬಯೋಡೀಸೆಲ್. ಐವತ್ತು ವರ್ಷ ಎಥೆನಾಲ್ ಜೊತೆ ಬಾಳಿದ ದೇಶ ಅದನ್ನು ಡೀಸೆಲ್‌ಗೆ ಕಡ್ಡಾಯ ಮಾಡಲಿಲ್ಲ. ನಮ್ಮಲ್ಲಿ 2030ರೊಳಗೆ ಶೇ 5 ಬಯೋಡೀಸೆಲ್ ಎಂಬ ಗುರಿಯಿದೆ, ಸಾಧನೆ ಶೇ 1ನ್ನೂ ದಾಟಿಲ್ಲ. ಎಣ್ಣೆಬೀಜದ ಕೊರತೆ ನಿಜ. ಖಾದ್ಯ ತೈಲವನ್ನೇ ಆಮದು ಮಾಡುವ ದೇಶ ಬ್ರೆಜಿಲ್‌ನಂತೆ ಸೋಯಾ ಸುರಿಯಲಾಗದು. ಹೋಟೆಲುಗಳ ಕರಿದ ಎಣ್ಣೆ, ಹೊಂಗೆ, ಬೇವು ಕೊಡುವಷ್ಟನ್ನು ಪಡೆದು ಉಳಿದದ್ದಕ್ಕೆ ಡೀಸೆಲ್ ಬಳಕೆಯನ್ನೇ ಇಳಿಸಬೇಕು. ಅದು ಆಗದ ಮಾತಲ್ಲ: ರೈಲ್ವೆ ತನ್ನ ಬ್ರಾಡ್‌ಗೇಜ್ ಮಾರ್ಗಗಳನ್ನು ಬಹುತೇಕ ಪೂರ್ತಿ ವಿದ್ಯುದೀಕರಿಸಿ ಡೀಸೆಲ್ ಎಂಜಿನ್‌ಗಳನ್ನು ಬದಿಗೆ ಸರಿಸಿದೆ.

ಐಸೊಬ್ಯುಟನಾಲ್ ಪರೀಕ್ಷೆ ನಡೆಯಲಿ, ವಿಜ್ಞಾನಕ್ಕೆ ಬೇಲಿ ಹಾಕಬೇಕಿಲ್ಲ. ಆದರೆ ಎಥೆನಾಲ್–ಡೀಸೆಲ್ ಪ್ರಯತ್ನ ಏಕೆ ಸೋತಿತೆಂಬ ವರದಿಯನ್ನು ಮೊದಲು ಸಾರ್ವಜನಿಕರ ಮುಂದಿಡಬೇಕು, ಬೆರಕೆಯನ್ನು ಯಾರ ಮೇಲೂ ಕಡ್ಡಾಯ ಮಾಡಬಾರದು, 35 ಡಿಗ್ರಿಯ ಫ್ಲ್ಯಾಶ್ ಪಾಯಿಂಟ್ ಮಾನಕವನ್ನು ಯಾವ ನೆಪದಲ್ಲೂ ಇಳಿಸಬಾರದು. ಪೆಟ್ರೋಲ್‌ಗೆ ಎಥೆನಾಲ್ ಬೆರೆತು ಬಂದಾಗ ವಾಹನ ಮಾಲೀಕರು ಪ್ರಶ್ನೆ ಕೇಳತೊಡಗಿದ್ದು ಬಂಕುಗಳಲ್ಲಿ ಬೇರೆ ಪೆಟ್ರೋಲ್ ಸಿಗದಂತಾದ ಮೇಲೆ. ಲಾರಿ ಮಾಲೀಕರ ಸಂಘಗಳು, ರೈತ ಸಂಘಟನೆಗಳು, ಸಾರಿಗೆ ನಿಗಮಗಳು ಈ ಸಲ ಅಲ್ಲಿಯವರೆಗೆ ಕಾಯಬಾರದು. ಮಾನಕ ತಿದ್ದುವ ಮುನ್ನ ಸರ್ಕಾರ ಆಕ್ಷೇಪಣೆ ಕರೆಯುತ್ತದೆ. ಆಕ್ಷೇಪಣೆ ಬರೆದು ಕೊಡುವ ಸಮಯ ಅದೇ.